ಎಲ್ಲೆಯಾಚೆಯ ಮರಣಗಳು: ಗರ್ಭಕಂಠದ ಅರ್ಬುದದ ಲೆಕ್ಕವೂ ಮುಂಬ್ರಾದ ಸ್ತ್ರೀಯರೂ

ಮುಂಬಯಿ ನಗರದಲ್ಲಿ ಗರ್ಭಕಂಠದ ಅರ್ಬುದವು ಇಳಿಮುಖವಾಗಿದೆಯೆಂಬುದು ವೈದ್ಯವಲಯದಲ್ಲಿ ಈಗ ಸರ್ವಸಮ್ಮತವಾದ ಮಾತು. ಈ ಮಾತಿಗೆ ಆಧಾರವುಂಟು, ಆಧಾರವೂ ಬಲವಾದುದೇ. ಭಾರತದಲ್ಲಿ ಮೊತ್ತಮೊದಲು ಹುಟ್ಟಿದ ಅರ್ಬುದ ದಾಖಲೆಯು 1963ರಿಂದ ಈ ನಗರದ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಬರೆದಿಡುತ್ತ ಬಂದಿದೆ. ಆದರೆ ಯಾವ ಲೆಕ್ಕವನ್ನೇ ಆಗಲಿ ಓದುವವನು ಅಡಿಯ ಮೊತ್ತವನ್ನು ನೋಡುವುದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಇದು ಯಾರ ಖಾತೆ? ಮುಲುಂಡದಲ್ಲಿ ಬೃಹನ್ಮುಂಬಯಿಯ ಎಲ್ಲೆ ಮುಗಿಯುತ್ತದೆ. ಅದರಾಚೆ ಠಾಣೆ, ಖಾರಿಯನ್ನು ದಾಟಿದರೆ ಕಳವಾ, ಅನಂತರ ಪಾರಸಿಕ ಗುಡ್ಡದ ಬುಡದಲ್ಲಿ ಮುಂಬ್ರಾ. ಮುಂಬ್ರಾದ ಸ್ತ್ರೀಯೊಬ್ಬಳು ಈ ರೋಗದಿಂದ ಪರಳದ ಆಸ್ಪತ್ರೆಯಲ್ಲಿ ತೀರಿಕೊಂಡರೂ ಮುಂಬಯಿಯ ಇಳಿಮುಖದ ಲೆಕ್ಕದಲ್ಲಿ ಅವಳಿಗೆ ಸ್ಥಾನವಿಲ್ಲ. ಆ ಲೆಕ್ಕ ಹುಟ್ಟಿದ ಬಗೆಯನ್ನೂ ಅದರ ಎಲ್ಲೆ ಎಳೆಯಲ್ಪಟ್ಟ ಬಗೆಯನ್ನೂ ಅರಿತ ಹೊರತು ಇಳಿಕೆಯ ಅರ್ಥವೇನೆಂಬುದು ತಿಳಿಯುವುದಿಲ್ಲ.

ಗರ್ಭಕೋಶದ ಕೆಳತುದಿಯ ಕೊರಳಿನಂತಹ ಭಾಗಕ್ಕೆ ಗರ್ಭಕಂಠವೆಂದು ಹೆಸರು. ಅಲ್ಲಿ ಹುಟ್ಟುವ ಅರ್ಬುದವನ್ನು ಕನ್ನಡದ ವೈದ್ಯಲೇಖಕರು ಏಡಿಗಂತಿಯೆಂಬ ಅಚ್ಚಗನ್ನಡ ಮಾತಿನಿಂದಲೂ ಕರೆದಿದ್ದಾರೆ. ಈ ರೋಗದ ಅಧ್ಯಯನವು ಶವಪರೀಕ್ಷೆಯ ಮೇಜಿನಿಂದಲ್ಲ, ಮರಣಗಳ ಪುಸ್ತಕದಿಂದಲೇ ಹೊರಟಿತೆಂಬುದು ಗಮನಿಸತಕ್ಕ ಸಂಗತಿ. ಇಟಲಿಯ ವೆರೋನಾ ನಗರದ ವೈದ್ಯನಾದ ರಿಗೋನಿ-ಸ್ಟೆರ್ನ್ ಎಂಬವನು ತನ್ನ ಊರಿನಲ್ಲಿ 1760ರಿಂದ 1839ರವರೆಗೆ ನಡೆದ ಮರಣಗಳ ದಾಖಲೆಗಳನ್ನು ತೆಗೆದು ನೋಡಿ, ಗರ್ಭಕೋಶದ ಅರ್ಬುದವು ವಿವಾಹಿತ ಸ್ತ್ರೀಯರಲ್ಲಿ ಹೆಚ್ಚು, ಕ್ರೈಸ್ತ ಸಂನ್ಯಾಸಿನಿಯರಲ್ಲಿ ತೀರ ವಿರಳ ಎಂದು 1842ರಲ್ಲಿ ಪ್ರಕಟಿಸಿದನು. ಕಾರಣವೇನೆಂಬುದು ಅವನಿಗೆ ತಿಳಿಯಲಿಲ್ಲ. ಅದು ತಿಳಿಯಲು ಇನ್ನೂ ನೂರನಾಲ್ವತ್ತು ವರ್ಷಗಳು ಬೇಕಾದವು. 1983–84ರಲ್ಲಿ ಜರ್ಮನಿಯ ಹರಾಲ್ಡ್ ತ್ಸೂರ್ ಹೌಸೆನ್ ಮತ್ತು ಅವನ ಸಂಗಡಿಗರು ಈ ಅರ್ಬುದದ ಕೋಶಗಳಲ್ಲಿ ಪ್ಯಾಪಿಲೋಮಾ ವೈರಸ್ಸಿನ 16 ಮತ್ತು 18ನೆಯ ಪ್ರಭೇದಗಳನ್ನು ಕಂಡುಹಿಡಿದರು. ದಾಂಪತ್ಯಸಂಪರ್ಕದಿಂದ ಹರಡುವ ಒಂದು ವೈರಸ್ಸು ವರ್ಷಾನುಗಟ್ಟಲೆ ನೆಲೆನಿಂತು, ಹತ್ತು ಹದಿನೈದು ವರ್ಷಗಳ ತರುವಾಯ ಅರ್ಬುದವಾಗುತ್ತದೆಯೆಂಬುದು ಹೀಗೆ ಸಿದ್ಧವಾಯಿತು. ತ್ಸೂರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು. ಸೋಂಕಿಗೂ ಮರಣಕ್ಕೂ ನಡುವೆ ಇರುವ ಈ ದೀರ್ಘಾವಧಿಯೇ ಮುಂದಿನ ಕಥೆಯ ಜೀವಾಳ. ಇಷ್ಟು ಕಾಲಾವಕಾಶವನ್ನು ಕೊಟ್ಟು ಕೊಲ್ಲುವ ಅರ್ಬುದ ಬೇರೆ ಹೆಚ್ಚಿಲ್ಲ. ಆದುದರಿಂದಲೇ ಇದರಿಂದಾಗುವ ಪ್ರತಿಯೊಂದು ಮರಣವೂ ತಪ್ಪಿಸಬಹುದಾಗಿದ್ದ ಮರಣ.

ಭಾರತೀಯರಿಗೆ ಅರ್ಬುದವು ವಿರಳವೆಂಬ ನಂಬಿಕೆ ಒಂದು ಕಾಲಕ್ಕೆ ಬಿಳಿಯ ವೈದ್ಯರಲ್ಲಿ ಪ್ರಬಲವಾಗಿತ್ತು. ಅರ್ಬುದವು ನಾಗರಿಕತೆಯ ರೋಗವೆಂದೂ, ಹೊಲಗದ್ದೆಗಳ ಜನರಿಗೆ ಅದು ತಗಲದೆಂದೂ ಅವರ ವಾದ. ವಸ್ತುತಃ ಅರ್ಬುದವು ವಿರಳವಾಗಿರಲಿಲ್ಲ. ಅದನ್ನು ಗುರುತಿಸಿ ಬರೆದಿಡುವವರು ವಿರಳವಾಗಿದ್ದರು. ವಿಶ್ವನಾಥ್ ಮತ್ತು ಗ್ರೆವಾಲ್ ಎಂಬ ಸಂಶೋಧಕರು 1935ರಿಂದ ಆಸ್ಪತ್ರೆಗಳ ಶವಪರೀಕ್ಷೆಯ ಹಾಗೂ ಚಿಕಿತ್ಸೆಯ ಕಾಗದಪತ್ರಗಳನ್ನು ಕಲೆಹಾಕಿ ಈ ನಂಬಿಕೆಯನ್ನು ಅಲ್ಲಗಳೆದರು. 1941ರ ಫೆಬ್ರವರಿಯಲ್ಲಿ ಪರಳದಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಅದರ ಪ್ರಯೋಗಾಲಯದ ಹೊಣೆ ಹೊತ್ತ ಡಾ. ವಸಂತ ರಾಮಜಿ ಖಾನೋಲ್ಕರರು ಮುಂಬಯಿಯಂತಹ ನಗರವೇ ಒಂದು ಪ್ರಯೋಗಶಾಲೆಯೆಂಬುದನ್ನು ಕಂಡುಕೊಂಡರು. ಒಂದೇ ನೀರು, ಒಂದೇ ಗಾಳಿ. ಆದರೆ ಹಿಂದೂ, ಪಾರಸಿ, ಮುಸಲ್ಮಾನ, ಕ್ರೈಸ್ತ ಸಮುದಾಯಗಳ ಮದುವೆಯ ವಯಸ್ಸು, ಆಹಾರ, ಆಚಾರಗಳು ಬೇರೆ ಬೇರೆ. ಪಾರಸಿ ಸ್ತ್ರೀಯರಲ್ಲಿ ಸ್ತನದ ಅರ್ಬುದ ಹೆಚ್ಚು, ಗರ್ಭಕಂಠದ್ದು ಕಡಮೆ. ಹಿಂದೂ ಸ್ತ್ರೀಯರಲ್ಲಿ ಇದಕ್ಕೆ ವಿಪರೀತ. ಮುಸಲ್ಮಾನ ಸ್ತ್ರೀಯರಲ್ಲಿಯೂ ಗರ್ಭಕಂಠದ ಅರ್ಬುದ ಹಿಂದೂಗಳಲ್ಲಿರುವುದಕ್ಕಿಂತ ಕಡಮೆಯೆಂದು ಕಂಡುಬಂದು, ಪುರುಷರ ಸುನ್ನತಿಯ ಪದ್ಧತಿಯು ಅದಕ್ಕೆ ಒಂದು ಕಾರಣವಿರಬಹುದೆಂದು ಊಹಿಸಲಾಯಿತು. ಮುಂದಿನ ಸಂಶೋಧನೆಗಳು ಈ ಊಹೆಗೆ ತಕ್ಕಮಟ್ಟಿನ ಬೆಂಬಲವನ್ನು ಕೊಟ್ಟಿವೆ. ಮುಂಬ್ರಾದ ವಿಷಯಕ್ಕೆ ಬಂದಾಗ ಈ ಮಾತನ್ನು ಮತ್ತೆ ನೆನೆಯಬೇಕಾಗುತ್ತದೆ.

ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ಸಾಲದು, ಒಂದು ನಿಶ್ಚಿತ ಪ್ರದೇಶದಲ್ಲಿ ವಾಸಿಸುವ ಜನರೆಲ್ಲರ ಪೈಕಿ ಎಷ್ಟು ಮಂದಿಗೆ ರೋಗ ಬಂತೆಂಬುದನ್ನು ಎಣಿಸಬೇಕೆಂಬ ತತ್ತ್ವದ ಮೇಲೆ, ಭಾರತೀಯ ಅರ್ಬುದ ಸಂಘದ ಆಶ್ರಯದಲ್ಲಿ ಡಾ. ಡಿ. ಜೆ. ಜಸ್ಸಾವಾಲಾ ಅವರು 1963ರಲ್ಲಿ ಮುಂಬಯಿ ಅರ್ಬುದ ದಾಖಲೆಯನ್ನು ಸ್ಥಾಪಿಸಿದರು. ಇಲ್ಲಿಯ ಕೆಲಸದ ರೀತಿ ಬ್ಯಾಂಕಿನ ಲೆಕ್ಕಪರಿಶೋಧನೆಯನ್ನು ಬಲ್ಲವರಿಗೆ ಪರಿಚಿತವಾಗಿ ತೋರುವುದು. ದಾಖಲೆಯ ನೌಕರರು ವರದಿ ಬರಲೆಂದು ಕಾದು ಕೂಡ್ರುವುದಿಲ್ಲ. ತಾವೇ ಆಸ್ಪತ್ರೆಗಳಿಗೂ ಖಾಸಗಿ ಶುಶ್ರೂಷಾಗೃಹಗಳಿಗೂ ಪರೀಕ್ಷಾಲಯಗಳಿಗೂ ಹೋಗಿ ಬರೆದುಕೊಳ್ಳುತ್ತಾರೆ. ನಗರಪಾಲಿಕೆಯ ಮರಣನೋಂದಣಿಯ ಪುಸ್ತಕಗಳನ್ನು ಇದರೊಡನೆ ತಾಳೆ ನೋಡುತ್ತಾರೆ. ಒಂದೇ ಹೆಸರು ಎರಡು ಕಡೆ ಬಂದಿದ್ದರೆ ಒಂದನ್ನು ತೆಗೆಯುತ್ತಾರೆ. ಊರಲ್ಲಿ ಕನಿಷ್ಠ ಒಂದು ವರ್ಷ ವಾಸವಾಗಿದ್ದವರನ್ನು ಮಾತ್ರ ಊರಿನವರೆಂದು ಪರಿಗಣಿಸುತ್ತಾರೆ. ಭಾಗಿಸುವ ಸಂಖ್ಯೆ ನಗರದ ಜನಗಣತಿಯದಾದುದರಿಂದ ಭಾಜ್ಯವೂ ನಗರದ್ದೇ ಆಗಿರಬೇಕಾದುದು ನ್ಯಾಯವೇ ಸರಿ. ಆ ನಗರದ ಎಲ್ಲೆಯೋ, 1950ರಲ್ಲಿ ಒಮ್ಮೆ ಹಿಗ್ಗಿ, 1957ರಲ್ಲಿ ಮತ್ತೊಮ್ಮೆ ಹಿಗ್ಗಿ, ಪಶ್ಚಿಮದಲ್ಲಿ ದಹಿಸರಿನಲ್ಲಿಯೂ ಪೂರ್ವದಲ್ಲಿ ಮುಲುಂಡದಲ್ಲಿಯೂ ನಿಂತಿತು. ಆಡಳಿತದ ಅನುಕೂಲಕ್ಕಾಗಿ ಎಳೆದ ಗೆರೆ ಆರು ವರ್ಷಗಳ ತರುವಾಯ ರೋಗಶಾಸ್ತ್ರದ ಗೆರೆಯೂ ಆಯಿತು.

ಈ ದಾಖಲೆಯ 1976ರಿಂದ 2005ರವರೆಗಿನ ಅಂಕಿಗಳನ್ನು ಅಭ್ಯಸಿಸಿದವರು, ಗರ್ಭಕಂಠದ ಅರ್ಬುದದ ಸಂಭವವು ಪ್ರತಿವರ್ಷ ಸುಮಾರು ಶೇಕಡ 1.8ರಂತೆ ಇಳಿದಿದೆಯೆಂದು ತಿಳಿಸಿದ್ದಾರೆ. ಕೇಳುವಾಗ ಇದು ಅಲ್ಪವೆನಿಸೀತು. ಆದರೆ ಚಕ್ರಬಡ್ಡಿಯ ಗಣಿತವನ್ನು ತಲೆಕೆಳಗು ಮಾಡಿ ನೋಡಿದರೆ, ಮೂವತ್ತು ವರ್ಷಗಳಲ್ಲಿ ಐದು ಪಾಲಿನಲ್ಲಿ ಎರಡು ಪಾಲು ಕರಗಿಹೋದಂತಾಯಿತು. ಇದೇ ಅವಧಿಯಲ್ಲಿ ಸ್ತನದ ಅರ್ಬುದ ಏರುತ್ತ ಹೋಯಿತು. 1982ರಲ್ಲಿ ರಾಷ್ಟ್ರೀಯ ಯೋಜನೆಯಡಿ ದಾಖಲೆ ಪ್ರಾರಂಭವಾದ ಬೆಂಗಳೂರಿನಲ್ಲಿಯೂ, ಮದರಾಸಿನಲ್ಲಿಯೂ ಇದೇ ಕಥೆ: ಮೊದಲು ಅಗ್ರಸ್ಥಾನದಲ್ಲಿದ್ದ ಗರ್ಭಕಂಠದ ಅರ್ಬುದ ಕ್ರಮೇಣ ಆ ಸ್ಥಾನವನ್ನು ಸ್ತನದ ಅರ್ಬುದಕ್ಕೆ ಬಿಟ್ಟುಕೊಟ್ಟಿತು. ಇಲ್ಲಿ ಒಂದು ಸೋಜಿಗ. ಇಂಗ್ಲೆಂಡ್, ಸ್ವೀಡನ್ ಮೊದಲಾದ ದೇಶಗಳಲ್ಲಿ ಈ ರೋಗ ಇಳಿದುದು ಪಾಪಾನಿಕೊಲೌ ಪರೀಕ್ಷೆಯನ್ನು ಸರಕಾರಗಳು ವ್ಯವಸ್ಥಿತವಾಗಿ ನಡೆಸಿದುದರಿಂದ. ಮುಂಬಯಿಯಲ್ಲಿ ಅಂತಹ ವ್ಯವಸ್ಥೆ ಯಾವುದೂ ಇರಲಿಲ್ಲ. ತಡವಾದ ಮದುವೆ, ಕಡಮೆ ಹೆರಿಗೆ, ಹುಡುಗಿಯರ ಶಾಲೆ, ಮನೆಯೊಳಗೆ ಬಂದ ನಲ್ಲಿಯ ನೀರು ಇವೇ ಕಾರಣಗಳೆಂದು ವಿದ್ವಾಂಸರು ಹೇಳುತ್ತಾರೆ. ಅಂದರೆ ಇಳಿಕೆಯು ವೈದ್ಯಕೀಯದ ಗೆಲುವಲ್ಲ, ಬಾಳಿನ ಸುಧಾರಣೆಯ ನೆರಳು. ಸುಧಾರಣೆ ಎಲ್ಲಿ ತಲುಪಲಿಲ್ಲವೋ ಅಲ್ಲಿ ನೆರಳೂ ಬೀಳಲಿಲ್ಲ.

ರೋಗಸಂಭವದ ಲೆಕ್ಕ ಬೇರೆ, ಮರಣದ ಲೆಕ್ಕ ಬೇರೆ. ಮನೆಯಲ್ಲಿ ಸತ್ತವಳ ಮರಣಪತ್ರದಲ್ಲಿ ಹೃದಯ ನಿಂತಿತೆಂದೋ ನಿಶ್ಶಕ್ತಿಯೆಂದೋ ಬರೆದುಬಿಟ್ಟರೆ ಅರ್ಬುದ ಅಲ್ಲಿಗೇ ಮಾಯವಾಗುತ್ತದೆ. ಈ ಕೊರತೆಯನ್ನು ನೀಗಲು ಭಾರತದ ಮಹಾನೋಂದಣಾಧಿಕಾರಿಗಳ ಇಲಾಖೆಯು 2001–03ರ ಮರಣಗಳ ವಿಷಯದಲ್ಲಿ ಮನೆಮನೆಗೆ ಜನರನ್ನು ಕಳುಹಿಸಿ, ಸತ್ತವರ ಬಂಧುಗಳ ಬಾಯಿಂದ ಕಡೆಗಾಲದ ಲಕ್ಷಣಗಳನ್ನು ಕೇಳಿಸಿ ಬರೆಸಿ, ವೈದ್ಯರಿಂದ ಕಾರಣವನ್ನು ನಿರ್ಣಯಿಸಿತು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, 30ರಿಂದ 69 ವರ್ಷದೊಳಗಿನ ಭಾರತೀಯ ಸ್ತ್ರೀಯರನ್ನು 2010ರಲ್ಲಿ ಕೊಂದ ಅರ್ಬುದಗಳಲ್ಲಿ ಗರ್ಭಕಂಠದ್ದೇ ಮೊದಲು: ಸುಮಾರು 33,400 ಮರಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ಸಂಸ್ಥೆಯು 2022ನೆಯ ಇಸವಿಗೆ ಎಲ್ಲ ವಯಸ್ಸಿನವರನ್ನೂ ಸೇರಿಸಿ ಕೊಟ್ಟ ಅಂದಾಜು ಇದಕ್ಕಿಂತ ಬಹಳ ದೊಡ್ಡದು: 1,27,526 ಹೊಸ ರೋಗಿಗಳು, 79,906 ಮರಣಗಳು. ಎರಡರ ವಿಧಾನ ಬೇರೆಯಾದುದರಿಂದ ಒಂದನ್ನು ಇನ್ನೊಂದರಿಂದ ಕಳೆಯುವುದು ಸಲ್ಲದು. ಆದರೂ ಪ್ರತಿ ಲಕ್ಷಕ್ಕೆ ಬೀಳುವ ದರ ಇಳಿಯುತ್ತಿರುವಾಗಲೇ, ಜನಸಂಖ್ಯೆಯೂ ಆಯುಷ್ಯವೂ ಬೆಳೆದುದರಿಂದ, ಸಾಯುವವರ ತಲೆಎಣಿಕೆ ಇಳಿಯದಿರಬಹುದೆಂಬುದನ್ನು ಓದುಗರು ಮರೆಯಬಾರದು. ದರದ ಇಳಿಕೆಯಿಂದ ಸಂತೋಷಪಡುವವನು ಅಂಕಿಅಂಶದವನು. ಮನೆಯಲ್ಲಿ ತಾಯಿಯನ್ನು ಕಳೆದುಕೊಂಡವನಿಗೆ ದರವೆಂಬುದಿಲ್ಲ.

ಈಗ ಮುಂಬ್ರಾಕ್ಕೆ ಬರಬಹುದು. 1853ರಲ್ಲಿ ಠಾಣೆಯವರೆಗೆ ಬಂದ ರೈಲುದಾರಿ ಮರುವರ್ಷ ಖಾರಿಯನ್ನು ದಾಟಿ ಕಲ್ಯಾಣಕ್ಕೆ ಮುಟ್ಟಿದಾಗ, ದಾರಿಯಲ್ಲಿ ಸಿಕ್ಕ ಸಣ್ಣ ಊರು ಇದು. 1982ರಲ್ಲಿ ಠಾಣೆ ಮಹಾನಗರಪಾಲಿಕೆ ರಚಿತವಾದಾಗ ಅದರೊಳಗೆ ಸೇರಿತು. 1992–93ರ ಮುಂಬಯಿ ಗಲಭೆಗಳ ತರುವಾಯ ಇದರ ರೂಪವೇ ಬದಲಾಯಿತು. ನಗರದಲ್ಲಿ ಮನೆಮಾರು ಕಳೆದುಕೊಂಡ, ಅಥವಾ ಅಲ್ಲಿರಲು ಅಂಜಿದ ಸಾವಿರಾರು ಮುಸಲ್ಮಾನ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ಸಾವಿರಗಳ ಊರು ಲಕ್ಷಗಳ ಊರಾಯಿತು. ನೀರು, ಚರಂಡಿ, ಆಸ್ಪತ್ರೆಗಳು ಆ ವೇಗಕ್ಕೆ ಸರಿಸಮನಾಗಿ ಬೆಳೆಯಲಿಲ್ಲ. ಈ ವಲಸೆಯನ್ನು ದಾಖಲೆಯ ಕಣ್ಣಿನಿಂದ ನೋಡಿದರೆ, ಎಣಿಕೆಯೊಳಗಿದ್ದ ಸ್ತ್ರೀಯರು ಎಣಿಕೆಯ ಹೊರಗೆ ಹೋದರು. ನಾಗಪಾಡೆಯಲ್ಲೋ ಧಾರಾವಿಯಲ್ಲೋ ಇದ್ದಾಗ ಮುಂಬಯಿಯ ಅಂಕಿಯಾಗಿದ್ದವಳು ಮುಂಬ್ರಾದಲ್ಲಿ ಯಾವ ಊರಿನ ಅಂಕಿಯೂ ಆಗಲಿಲ್ಲ. 2020ರಲ್ಲಿ ಹೊರಬಂದ ರಾಷ್ಟ್ರೀಯ ವರದಿಯಲ್ಲಿ, 2012–16ರ ಕಾಲಕ್ಕೆ ಮಹಾರಾಷ್ಟ್ರದಿಂದ ಮುಂಬಯಿ, ಪುಣೆ, ನಾಗಪುರ, ಔರಂಗಾಬಾದ, ವರ್ಧಾ, ಬಾರ್ಶಿ, ಉಸ್ಮಾನಾಬಾದ-ಬೀಡ ಪ್ರದೇಶಗಳ ದಾಖಲೆಗಳಿವೆ, ಠಾಣೆ ಜಿಲ್ಲೆಯದಿಲ್ಲ. ಮುಂಬ್ರಾ ಒಂದರ ಮಾತಲ್ಲ. ಕನ್ನಡ ಕುಟುಂಬಗಳು ಸಾವಿರಗಟ್ಟಲೆ ನೆಲೆಸಿರುವ ಠಾಣೆ, ಡೊಂಬಿವಲಿ, ಕಲ್ಯಾಣಗಳ ಸ್ತ್ರೀಯರೂ, ನವಿ ಮುಂಬಯಿಯ ಕಟ್ಟಡಗಳಲ್ಲಿ ಕಲ್ಲುಮಣ್ಣು ಹೊರುವ ವಿಜಯಪುರ, ಕಲಬುರ್ಗಿಗಳ ಹೆಣ್ಣಾಳುಗಳೂ ಇದೇ ಖಾಲಿ ಪುಟದಲ್ಲಿದ್ದಾರೆ.

ಮುಸಲ್ಮಾನ ಸ್ತ್ರೀಯರಲ್ಲಿ ಈ ರೋಗ ಕಡಮೆಯೆಂಬ ಹಳೆಯ ಮಾತನ್ನು ಇಲ್ಲಿ ಯಾರಾದರೂ ಮುಂದೊಡ್ಡಬಹುದು. 2012ರ ಆ ಮರಣಾಧ್ಯಯನದಲ್ಲಿಯೂ ಹಾಗೆಯೇ ಕಂಡಿದೆ. ಆದರೆ ಕಡಮೆಯೆಂದರೆ ಇಲ್ಲವೆಂದಲ್ಲ. ಒಂದು ಸಮುದಾಯದ ಸರಾಸರಿಯು ಆ ಸಮುದಾಯದ ಬಡವರ ಸರಾಸರಿಯಲ್ಲ. ಪಾರಸಿಗಳಲ್ಲಿ ಕಡಮೆಯಾದುದಕ್ಕೆ ಅವರ ವಿದ್ಯೆ, ಸ್ಥಿತಿಗತಿ, ತಡವಾದ ಮದುವೆಗಳೂ ಕಾರಣವೆಂದು ಒಪ್ಪುವವರು, ಎಳೆಯ ವಯಸ್ಸಿನ ಮದುವೆಯೂ ಹೆಚ್ಚು ಹೆರಿಗೆಯೂ ಇಕ್ಕಟ್ಟಿನ ವಸತಿಯೂ ಇರುವಲ್ಲಿ ಒಂದು ಆಚಾರವೇ ರಕ್ಷೆಯಾದೀತೆಂದು ನಂಬಿ ಕೂಡ್ರುವುದು ಯುಕ್ತವಲ್ಲ. ಎಣಿಸಿ ನೋಡಿದ ಮೇಲೆ ಕಡಮೆಯೆಂದು ಹೇಳುವುದು ಶಾಸ್ತ್ರ. ಕಡಮೆಯೆಂದು ಎಣಿಸದಿರುವುದು ಉದಾಸೀನ.

ಎಣಿಕೆಯೇ ಚಿಕಿತ್ಸೆಯಾದ ಉದಾಹರಣೆ ದೂರದಲ್ಲಿಲ್ಲ. ಅಕ್ಕಲಕೋಟೆಯ ಕನ್ನಡ ಸೀಮೆಯನ್ನು ಒಳಗೊಂಡ ಸೊಲ್ಲಾಪುರ ಜಿಲ್ಲೆಯಲ್ಲಿಯೇ ಬಾರ್ಶಿ ಎಂಬ ತಾಲ್ಲೂಕು ಉಂಟು. 1987ರಲ್ಲಿ ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ 346 ಹಳ್ಳಿಗಳಿಗಾಗಿ ಭಾರತದ ಮೊದಲ ಗ್ರಾಮೀಣ ಅರ್ಬುದ ದಾಖಲೆ ಅಲ್ಲಿ ಆರಂಭವಾಯಿತು. ಹಳ್ಳಿಯಲ್ಲಿ ಪರೀಕ್ಷಾಲಯವೆಲ್ಲಿ, ನೋಂದಣಿಯೆಲ್ಲಿ? ಮುಂಬಯಿಯ ರೀತಿ ನಡೆಯುವಂತಿರಲಿಲ್ಲ. ಆದುದರಿಂದ ದಾಖಲೆಯ ಕಾರ್ಯಕರ್ತರು ಹಳ್ಳಿಯಿಂದ ಹಳ್ಳಿಗೆ ತಾವೇ ಹೋಗಿ, ಜನರನ್ನು ಕೂಡಿಸಿ, ಮುಟ್ಟಲ್ಲದ ದಿನಗಳಲ್ಲಿ ರಕ್ತ ಕಾಣುವುದು, ದುರ್ವಾಸನೆಯ ಸ್ರಾವ ಮುಂತಾದ ಲಕ್ಷಣಗಳನ್ನು ವಿವರಿಸಿ, ಅಂತಹವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ, ಇದ್ದವರನ್ನು ಆಸ್ಪತ್ರೆಗೆ ಕರೆತರತೊಡಗಿದರು. ಕೆಲವು ವರ್ಷಗಳಲ್ಲಿ ಒಂದು ವಿಚಿತ್ರ ಫಲ ಕಾಣಿಸಿತು. ಯಾವ ಹೊಸ ಔಷಧವೂ ಯಂತ್ರವೂ ಬಾರದೆ, ಆಸ್ಪತ್ರೆಗೆ ಬರುವ ಗರ್ಭಕಂಠದ ರೋಗಿಗಳಲ್ಲಿ ಪ್ರಾರಂಭದ ಹಂತದಲ್ಲಿಯೇ ಬರುವವರ ಪಾಲು ಏರಿತು. ಕಸ್ತೂರಿ ಜಯಂತ್, ಡಾ. ಬಿ. ಎಂ. ನೇನೆ ಮೊದಲಾದವರು 1995ರಲ್ಲಿ ಇದನ್ನು ಪ್ರಕಟಿಸಿದರು. ಅಳೆಯಲು ಬಂದ ಕೋಲೇ ಅಳತೆಯನ್ನು ಬದಲಿಸಿತ್ತು. ಶುದ್ಧ ಸಂಖ್ಯಾಶಾಸ್ತ್ರಕ್ಕೆ ಇದೊಂದು ದೋಷವಾದರೆ, ಆ ಹಳ್ಳಿಗಳ ಹೆಂಗಸರಿಗೆ ಇದಕ್ಕಿಂತ ಹಿತವಾದ ದೋಷ ಬೇರೊಂದಿಲ್ಲ.

ನೆರೆಯ ಉಸ್ಮಾನಾಬಾದ ಜಿಲ್ಲೆಯಲ್ಲಿ 1999ರಿಂದ ಇನ್ನೊಂದು ದೊಡ್ಡ ಪ್ರಯೋಗ ನಡೆಯಿತು. 30ರಿಂದ 59 ವಯಸ್ಸಿನ 1,31,746 ಸ್ತ್ರೀಯರನ್ನು ಹಳ್ಳಿಗಳ 52 ಗುಂಪುಗಳ ಮೂಲಕ ನಾಲ್ಕಾಗಿ ವಿಂಗಡಿಸಿ, ಒಂದು ಪಂಗಡಕ್ಕೆ ವೈರಸ್ಸಿನ ಪರೀಕ್ಷೆ, ಒಂದಕ್ಕೆ ಕೋಶಪರೀಕ್ಷೆ, ಒಂದಕ್ಕೆ ಹುಳಿರಸದ ಪರೀಕ್ಷೆಯನ್ನು ಒಂದೊಂದು ಬಾರಿ ಮಾಡಲಾಯಿತು. ನಾಲ್ಕನೆಯದಕ್ಕೆ ಎಂದಿನ ವೈದ್ಯೋಪಚಾರವಷ್ಟೇ. 2009ರಲ್ಲಿ ಫಲಿತಾಂಶ ಬಂದಾಗ ಎಂದಿನ ಉಪಚಾರದ ಪಂಗಡದಲ್ಲಿ 64 ಮರಣಗಳೂ, ವೈರಸ್ ಪರೀಕ್ಷೆಯ ಪಂಗಡದಲ್ಲಿ 34 ಮರಣಗಳೂ ಆಗಿದ್ದವು. ಜೀವಮಾನದಲ್ಲಿ ಒಂದೇ ಒಂದು ಸಲ ಮಾಡಿದ ಪರೀಕ್ಷೆಯಿಂದ ಮರಣವು ಅರ್ಧಕ್ಕೆ ಇಳಿದುದು ಜಗತ್ತಿನ ಗಮನವನ್ನು ಸೆಳೆಯಿತು.

ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಹಿಡಿದ ಮಾರ್ಗ ಇನ್ನೂ ಸರಳವಾದುದು. ನೀರು ಬೆರೆಸಿದ ವಿನೆಗರನ್ನು ಗರ್ಭಕಂಠಕ್ಕೆ ಸವರಿ ಒಂದು ನಿಮಿಷ ಕಾದರೆ, ಕೆಡುತ್ತಿರುವ ಭಾಗ ಬೆಳ್ಳಗಾಗಿ ಕಾಣುತ್ತದೆ. ಇದಕ್ಕೆ ವೈದ್ಯರೇ ಬೇಕಿಲ್ಲ. ಶಾಲೆ ಕಲಿತ ಅಲ್ಲಿಯದೇ ಹೆಣ್ಣುಮಕ್ಕಳಿಗೆ ಕೆಲವು ವಾರಗಳ ತರಬೇತಿ ಕೊಟ್ಟರೆ ಸಾಕಾಯಿತು. ಎರಡೆರಡು ವರ್ಷಗಳಿಗೊಮ್ಮೆ ನಾಲ್ಕು ಸುತ್ತು, 75,360 ಸ್ತ್ರೀಯರಿಗೆ ಈ ಪರೀಕ್ಷೆಯ ಅವಕಾಶವನ್ನು ಒದಗಿಸಿ, ಪರೀಕ್ಷೆಯಿಲ್ಲದೆ ಆರೋಗ್ಯಶಿಕ್ಷಣವನ್ನಷ್ಟೇ ಪಡೆದ 76,178 ಮಂದಿಯೊಡನೆ ಹೋಲಿಸಲಾಯಿತು. ಎರಡೂ ಕಡೆ ರೋಗಿಗಳ ಪ್ರಮಾಣ ಹೆಚ್ಚುಕಡಮೆ ಸಮ. ಆದರೆ ಮರಣವು ಒಂದು ಕಡೆ ವರ್ಷಕ್ಕೆ ಲಕ್ಷಕ್ಕೆ 16.2, ಇನ್ನೊಂದು ಕಡೆ 11.1. ಶೇಕಡ 31ರಷ್ಟು ಕಡಮೆ. ಬೇಗ ಕಂಡವರು ಬದುಕಿದರು, ಇಷ್ಟೇ. 2013ರಲ್ಲಿ ಅಮೆರಿಕದ ವೈದ್ಯಸಮ್ಮೇಳನದಲ್ಲಿ ಈ ವರದಿ ಓದಲ್ಪಟ್ಟಾಗ, ಅಡಿಗೆಮನೆಯ ಪದಾರ್ಥವೊಂದು ಇಷ್ಟು ಜೀವಗಳನ್ನು ಉಳಿಸಬಲ್ಲದೆಂಬುದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಸುದ್ದಿಯ ಹಿಂದೆಯೇ ಆಕ್ಷೇಪವೂ ಬಂತು. ಎರಿಕ್ ಸುಬಾ ಎಂಬ ಅಮೆರಿಕದ ವೈದ್ಯನು, ಭಾರತದ ಇಂತಹ ಮೂರು ಪ್ರಯೋಗಗಳಲ್ಲಿ ಪರೀಕ್ಷೆಯಿಲ್ಲದೆ ಬಿಡಲ್ಪಟ್ಟ ಸುಮಾರು 1,38,000 ಸ್ತ್ರೀಯರ ಪೈಕಿ ಕನಿಷ್ಠ 254 ಮಂದಿ ಈ ರೋಗದಿಂದ ಸತ್ತರೆಂದೂ, ಫಲಕಾರಿಯೆಂದು ಮೊದಲೇ ಗೊತ್ತಿದ್ದ ರಕ್ಷಣೆಯನ್ನು ಅವರಿಗೆ ತಡೆದು ಮರಣಗಳನ್ನು ಅಳೆದುದು ಅನ್ಯಾಯವೆಂದೂ 2014ರಲ್ಲಿ ಭಾರತೀಯ ವೈದ್ಯನೀತಿಯ ಪತ್ರಿಕೆಯೊಂದರಲ್ಲಿ ಬರೆದನು. ದೇಶದಲ್ಲಿ ಯಾರಿಗೂ ಪರೀಕ್ಷೆ ದೊರೆಯದಿದ್ದ ಕಾಲದಲ್ಲಿ ಪರೀಕ್ಷೆಯಿಲ್ಲದಿರುವುದೇ ಎಂದಿನ ಸ್ಥಿತಿಯಾಗಿತ್ತು, ಪ್ರಯೋಗವು ಯಾರಿಂದಲೂ ಏನನ್ನೂ ಕಸಿದುಕೊಳ್ಳಲಿಲ್ಲವೆಂಬುದು ಪ್ರಯೋಗಕರ್ತರ ಪಕ್ಷ. ಎರಡು ಪಕ್ಷಗಳಲ್ಲಿಯೂ ಹುರುಳಿದೆ. ಆದರೆ ಆ ಸಮಾಧಾನವನ್ನು ಒಪ್ಪಬೇಕಾದರೆ, ಫಲ ತಿಳಿದ ಮೇಲೆ ಎಂದಿನ ಸ್ಥಿತಿ ಬದಲಾಗಬೇಕಾಗಿತ್ತು. ಆ 254 ಮಂದಿಯ ಸಾಲವನ್ನು ತೀರಿಸುವ ದಾರಿ ಅದೊಂದೇ. 2016ರಲ್ಲಿ ಕೇಂದ್ರ ಸರಕಾರವು 30ರಿಂದ 65 ವಯಸ್ಸಿನ ಸ್ತ್ರೀಯರಿಗೆಲ್ಲ ಐದು ವರ್ಷಗಳಿಗೊಮ್ಮೆ ವಿನೆಗರ್ ಪರೀಕ್ಷೆ ನಡೆಯಬೇಕೆಂಬ ಕಾರ್ಯಕ್ರಮವನ್ನು ಹೊರಡಿಸಿತೇನೋ ನಿಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನವರ ಪೈಕಿ ಎಂದಾದರೂ ಒಮ್ಮೆ ಇಂತಹ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ಶೇಕಡ 1.9. ತಮಿಳುನಾಡಿನಲ್ಲಿ ಅದು 9.8 ಆಗಿರುವುದರಿಂದ, ಕೆಲಸ ಆಗದ ಕೆಲಸವಲ್ಲವೆಂಬುದೂ ತಿಳಿಯುತ್ತದೆ.

ಲಸಿಕೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಆಂಧ್ರ, ಗುಜರಾತಗಳಲ್ಲಿ 2009ರಲ್ಲಿ ತೊಡಗಿದ ಪ್ರಾಯೋಗಿಕ ಲಸಿಕೆಯು ಒಪ್ಪಿಗೆಪತ್ರಗಳ ಕುರಿತಾದ ವಿವಾದದಲ್ಲಿ ಸಿಕ್ಕಿ 2010ರ ಏಪ್ರಿಲಿನಲ್ಲಿ ನಿಂತಿತು. ಅದೇ ಹೊತ್ತಿಗೆ ಮೂರು ಮತ್ತು ಎರಡು ಚುಚ್ಚುಮದ್ದುಗಳ ತುಲನೆಗಾಗಿ ನಡೆಯುತ್ತಿದ್ದ ಬೇರೊಂದು ಅಧ್ಯಯನವೂ ಅರ್ಧಕ್ಕೆ ನಿಲ್ಲಬೇಕಾಯಿತು. ಒಂದೇ ಚುಚ್ಚುಮದ್ದು ಪಡೆದು ಉಳಿದುಹೋದ ಸಾವಿರಾರು ಹುಡುಗಿಯರನ್ನು ಡಾ. ಪಾರ್ಥ ಬಸು ಮೊದಲಾದವರು ಬಿಡದೆ ಹಿಂಬಾಲಿಸಿ ನೋಡಲಾಗಿ, ಹತ್ತು ವರ್ಷಗಳಾದರೂ ಆ ಒಂದೇ ಮದ್ದಿನ ರಕ್ಷಣೆ ಕುಂದಿರಲಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಒಂದು ಮದ್ದು ಸಾಕೆಂದು ಹೇಳಿದುದಕ್ಕೆ ಇದೊಂದು ಮುಖ್ಯ ಆಧಾರ. ಪುಣೆಯಲ್ಲಿ ತಯಾರಾದ ದೇಶೀಯ ಲಸಿಕೆಗೂ ಅದೇ ವರ್ಷ ಅನುಮತಿ ದೊರೆಯಿತು. ಆದರೆ ಲಸಿಕೆ ಹುಡುಗಿಯರದು. ಅದರ ಫಲ ಮರಣದ ಲೆಕ್ಕದಲ್ಲಿ ಕಾಣಲು ಇನ್ನು ಮೂವತ್ತು ವರ್ಷಗಳು ಬೇಕು. ಇಂದು ನಾಲ್ವತ್ತು ದಾಟಿದ ತಾಯಂದಿರಿಗೆ ಉಳಿದಿರುವುದು ಪರೀಕ್ಷೆಯೊಂದೇ.

ಮುಂಬ್ರಾದ ಹತ್ತಿರದಲ್ಲಿ ವೈದ್ಯಸೌಕರ್ಯವೇ ಇಲ್ಲವೆನ್ನುವಂತಿಲ್ಲ. ಕಳವಾದಲ್ಲಿ ಠಾಣೆ ಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯೂ, ಅದಕ್ಕೆ ಹೊಂದಿ 1992ರಲ್ಲಿ ಸ್ಥಾಪಿತವಾದ ವೈದ್ಯಕೀಯ ಮಹಾವಿದ್ಯಾಲಯವೂ ಇವೆ. ಶೀಳ್ ಮಾರ್ಗವಾಗಿ ಹೋದರೆ ಸಿಗುವ ಖಾರಘರದಲ್ಲಿ ಟಾಟಾ ಸ್ಮಾರಕದ ಸಂಶೋಧನ ಕೇಂದ್ರವು 2002ರಿಂದ ನೆಲೆಸಿದೆ. 1952ರಲ್ಲಿ ಖಾನೋಲ್ಕರರು ಪರಳದಲ್ಲಿ ಕಟ್ಟಿದ ಸಂಸ್ಥೆಯೇ ಬೆಳೆದು ಅಲ್ಲಿಗೆ ಹೋದುದು. ಅಂದರೆ ಸಂಶೋಧನೆಯೂ ಮುಂಬಯಿಯ ಎಲ್ಲೆಯನ್ನು ದಾಟಿ ಈಚೆಗೆ ಬಂದು ಇಪ್ಪತ್ತು ವರ್ಷಗಳು ಕಳೆದವು. ರೋಗ ಬಲಿತ ಮೇಲೆ ಬರುವವಳಿಗೆ ಈ ಆಸ್ಪತ್ರೆಗಳ ಬಾಗಿಲು ತೆರೆದಿದೆ. ರೋಗ ಬಲಿಯುವ ಮುಂಚೆ ಅವಳ ಬಾಗಿಲಿಗೆ ಹೋಗಿ, ಹೆಸರು, ವಯಸ್ಸು, ವಿಳಾಸಗಳನ್ನು ಬರೆದುಕೊಂಡು, ಒಂದು ನಿಮಿಷದ ಪರೀಕ್ಷೆಗೆ ಕರೆಯುವ ಪುಸ್ತಕವನ್ನು ಬಾರ್ಶಿಯ 346 ಹಳ್ಳಿಗಳಲ್ಲಿ 1987ರಲ್ಲಿಯೇ ತೆರೆಯಲಾಗಿತ್ತು. ಪಾರಸಿಕ ಗುಡ್ಡದ ಈ ಬದಿಯ ಕೇರಿಗಳು ಆ ಹಳ್ಳಿಗಳಷ್ಟು ದೂರವೂ ಅಲ್ಲ, ಅವುಗಳಂತೆ ಚದರಿಕೊಂಡೂ ಇಲ್ಲ.